ಅರವತ್ತೈದು ಗಂಟೆಗಳ ರಾಜ್ಯ



ಇಂದಿನ ವಿಷಯಕ್ಕೆ ಬರುವ ಮುನ್ನ ಒಂದು ಸಣ್ಣ ಪ್ರಯೋಗ. ಹಿಡಿಕೆಯಿರುವ ಒಂದು ಪಿಂಗಾಣಿ ಮಗ್ಗನ್ನು ಮೇಜಿನ ಮೇಲಿಡಿ. ಒಂದು ಚಮಚ ತೆಗೆದುಕೊಂಡು, ಹಿಡಿಕೆಗೆ ನೇರ ಎದುರಿಗಿರುವ ಅಂಚನ್ನು ಮೆಲ್ಲಗೆ ತಟ್ಟಿ. ಒಂದು ಸ್ವರ ಕೇಳುತ್ತದೆ. ಈಗ ಅದೇ ಅಂಚಿನಲ್ಲಿ 45 ಡಿಗ್ರಿಯಷ್ಟು, ಎಂದರೆ ಲಂಬಕೋನದ ಅರ್ಧದಷ್ಟು, ಪಕ್ಕಕ್ಕೆ ಸರಿದು ತಟ್ಟಿ. ಸ್ವರ ಏರುತ್ತದೆ. ಮಗ್ಗು ಅದೇ, ಚಮಚ ಅದೇ, ತಟ್ಟಿದ ಕೈಯೂ ಅದೇ. ಸ್ವರ ಮಾತ್ರ ಬೇರೆ. ಇದು ಏಕೆ ಹೀಗೆ ಎಂಬುದನ್ನು ಆಮೇಲೆ ನೋಡೋಣ. ಈ ಮಗ್ಗಿನ ಗುಟ್ಟನ್ನು ಎರಡು ಸಾವಿರದ ನಾನೂರು ವರ್ಷಗಳ ಹಿಂದೆಯೇ ಕಂಚಿನಲ್ಲಿ ಎರಕ ಹೊಯ್ದು, ಅದರಿಂದ ಸಂಗೀತ ನುಡಿಸಿದ ಒಂದು ಸಣ್ಣ ರಾಜ್ಯ ಚೀನಾ ದೇಶದಲ್ಲಿತ್ತು. ಅದರ ಹೆಸರು ಜೆಂಗ್. ಅದು ಹುಟ್ಟಿ, ಬೆಳೆದು, ಅಳಿದುಹೋದ ಕಥೆಯೇ ಇಂದಿನ ಮಾತು.

ಚೀನಾದ ನಡುಭಾಗದಲ್ಲಿ, ಯಾಂಗ್‌ಟ್ಸೆ ನದಿಯ ಉತ್ತರಕ್ಕೆ, ಹುಬೈ ಪ್ರಾಂತ್ಯದಲ್ಲಿ ಸುಯಿಝೌ ಎಂಬ ಊರಿದೆ. ಊರ ಹೊರಗಿನ ಒಂದು ದಿಬ್ಬಕ್ಕೆ ಲೇಗುಡುನ್ ಎಂದು ಹೆಸರು. ಭೇರಿ ಬಾರಿಸುವ ದಿಬ್ಬ ಎಂದು ಅದರ ಅರ್ಥ. 1977ರಲ್ಲಿ ಅಲ್ಲಿ ಸೇನೆಗೆ ಸೇರಿದ ಒಂದು ಕಾರ್ಖಾನೆಯನ್ನು ವಿಸ್ತರಿಸುವ ಕೆಲಸ ನಡೆದಿತ್ತು. ಸಿಡಿಮದ್ದು ಇಟ್ಟು ಗುಡ್ಡವನ್ನು ಸಮ ಮಾಡುತ್ತಿದ್ದಾಗ ಸುತ್ತಲಿನ ಕೆಂಪು ಕಲ್ಲಿಗೆ ಹೊಂದದ ಬೇರೆ ಬಣ್ಣದ ಮಣ್ಣು ಕಾಣಿಸಿತು. ಕೆಲಸ ಮಾಡಿಸುತ್ತಿದ್ದವರಿಗೆ ಅನುಮಾನ ಬಂತು, ಅಧಿಕಾರಿಗಳಿಗೆ ತಿಳಿಸಿದರು. ತಿಳಿಸಿದ್ದು ದೊಡ್ಡ ಉಪಕಾರ. ಏಕೆಂದರೆ ಇನ್ನೊಂದಷ್ಟು ಮದ್ದು ಸಿಡಿದಿದ್ದರೆ ನಾನು ಇವತ್ತು ಬೇರೆ ಯಾವುದಾದರೂ ವಿಷಯ ಹುಡುಕಿಕೊಳ್ಳಬೇಕಾಗಿತ್ತು.

1978ರಲ್ಲಿ ತಾನ್ ವೇಸಿ ಎಂಬ ಪುರಾತತ್ತ್ವಜ್ಞರ ನೇತೃತ್ವದಲ್ಲಿ ಉತ್ಖನನ ನಡೆಯಿತು. ಬಂಡೆಯನ್ನು ಕೊರೆದು ಮಾಡಿದ ಗುಂಡಿ, ಪೂರ್ವ ಪಶ್ಚಿಮವಾಗಿ 21 ಮೀಟರ್. ಒಳಗೆ ದಪ್ಪ ಮರದ ದಿಮ್ಮಿಗಳಿಂದ ಕಟ್ಟಿದ ನಾಲ್ಕು ಕೋಣೆಗಳು. ಕೋಣೆಗಳ ತುಂಬ ನೀರು. ಈ ನೀರೇ ಗೋರಿಯನ್ನು ಕಾಪಾಡಿದ್ದು. ಸದಾ ನೀರಿನಲ್ಲಿ ಮುಳುಗಿದ್ದ ಮರಕ್ಕೆ ಗಾಳಿಯ ಸೋಂಕು ತಗಲಲಿಲ್ಲ. ಆಮ್ಲಜನಕವಿಲ್ಲದ ಕಡೆ ಮರವನ್ನು ಕೊಳೆಸುವ ಶಿಲೀಂಧ್ರಗಳು ಬದುಕಲಾರವು. ನೀರನ್ನು ಪಂಪಿನಿಂದ ಹೊರಹಾಕುತ್ತ ಬಂದಂತೆ ಮೊದಲು ಮೂರು ಮರದ ಕಂಬಗಳ ತುದಿ ಕಾಣಿಸಿತು, ಆಮೇಲೆ ಅಡ್ಡತೊಲೆ, ಆಮೇಲೆ ತೊಲೆಯಿಂದ ತೂಗುತ್ತಿದ್ದ ಗಂಟೆಗಳು. ಒಂದಲ್ಲ ಎರಡಲ್ಲ, 65 ಗಂಟೆಗಳು. ಹೆಚ್ಚಿನವು ಶವಸಂಸ್ಕಾರದ ದಿನ ತೂಗುಹಾಕಿದಲ್ಲೇ ಇದ್ದವು. ಕೆಳಸಾಲಿನ ತೊಲೆಗಳನ್ನು ಸೊಂಟದಲ್ಲಿ ಕತ್ತಿ ಸಿಕ್ಕಿಸಿಕೊಂಡ ಕಂಚಿನ ಯೋಧರು ಹೊತ್ತು ನಿಂತಿದ್ದರು, ಕೈ ಇಳಿಸದೆ.

ಆ ನಾಲ್ಕು ಕೋಣೆಗಳಲ್ಲಿ ಸಿಕ್ಕ ವಸ್ತುಗಳು 15 ಸಾವಿರಕ್ಕೂ ಹೆಚ್ಚು. ಕಂಚೇ ಸುಮಾರು 10 ಟನ್. ವಾದ್ಯಗಳು 125. ಮದ್ಯವನ್ನು ತಂಪಾಗಿಡಲು ಪಾತ್ರೆಯೊಳಗೆ ಪಾತ್ರೆ ಇಟ್ಟು ನಡುವೆ ಮಂಜುಗಡ್ಡೆ ತುಂಬುವ ಕಂಚಿನ ಪೆಟ್ಟಿಗೆ ಕೂಡ ಇತ್ತು. ಇಷ್ಟೆಲ್ಲದರ ಒಡೆಯ ಯಾರು? ವಸ್ತುಗಳ ಮೇಲೆ ಮತ್ತೆ ಮತ್ತೆ ಕೆತ್ತಿದ್ದ ಹೆಸರು ಒಂದೇ: ಜೆಂಗ್ ರಾಜ್ಯದ ಸಾಮಂತ ಯಿ. ಯಿ ಎಂಬುದು ಅವನ ಸ್ವಂತ ಹೆಸರು. ಚೀನೀ ಭಾಷೆಯಲ್ಲಿ ಅವನ ಪದವಿ 'ಹೋ'. ನಮ್ಮ ಶಾಸನಗಳಲ್ಲಿ ಬರುವ ಮಹಾಮಂಡಲೇಶ್ವರನ ಹಾಗೆ, ದೊಡ್ಡ ಅರಸನ ಕೈಕೆಳಗಿನ ಒಂದು ಪದವಿ ಎಂದು ತಿಳಿದುಕೊಂಡರೆ ಸಾಕು.

ಸಮಸ್ಯೆ ಹುಟ್ಟಿದ್ದು ಇಲ್ಲಿ. ಚೀನೀಯರು ಇತಿಹಾಸ ಬರೆಯುವುದರಲ್ಲಿ ನಿಸ್ಸೀಮರು. ಕ್ರಿ.ಪೂ. ಎಂಟನೆಯ ಶತಮಾನದಿಂದೀಚೆಗೆ ಯಾವ ವರ್ಷ ಯಾರು ಯಾರ ಮೇಲೆ ದಂಡೆತ್ತಿ ಹೋದರು, ಯಾರು ಸತ್ತರು, ಎಂದು ಗ್ರಹಣವಾಯಿತು ಎಂಬುದನ್ನೆಲ್ಲ ಬರೆದಿಟ್ಟಿದ್ದಾರೆ. 'ಜುವೊ ಜುವಾನ್' ಎಂಬ ಹಳೆಯ ಇತಿಹಾಸ ಗ್ರಂಥದಲ್ಲಿ ಸುಯಿಝೌ ಪ್ರದೇಶದ ರಾಜ್ಯದ ಬಗ್ಗೆ ಎಷ್ಟೋ ಪ್ರಸಂಗಗಳಿವೆ. ಆದರೆ ಆ ಗ್ರಂಥದ ಪ್ರಕಾರ ಅಲ್ಲಿದ್ದ ರಾಜ್ಯದ ಹೆಸರು ಸುಯಿ. ಅಲ್ಲಿ ಜೆಂಗ್ ಎಂಬ ರಾಜ್ಯವೊಂದು ಇದ್ದ ಸುಳಿವೇ ಇಲ್ಲ. ನೆಲದ ಮೇಲಿನ ಪುಸ್ತಕ ಸುಯಿ ಎನ್ನುತ್ತದೆ, ನೆಲದ ಕೆಳಗಿನ ಕಂಚು ಜೆಂಗ್ ಎನ್ನುತ್ತದೆ. ಪುಸ್ತಕ ಹೇಳುವ ರಾಜ್ಯದ ಒಂದು ಗೋರಿಯೂ ಸಿಗುವುದಿಲ್ಲ, ಗೋರಿಗಳು ಹೇಳುವ ರಾಜ್ಯಕ್ಕೆ ಪುಸ್ತಕದಲ್ಲಿ ಒಂದು ಸಾಲೂ ಇಲ್ಲ. 1978ರಲ್ಲೇ ಲಿ ಶುಯೆಚಿನ್ ಎಂಬ ಇತಿಹಾಸಕಾರರು, ಇವೆರಡೂ ಒಂದೇ ರಾಜ್ಯದ ಎರಡು ಹೆಸರುಗಳು ಎಂದು ವಾದಿಸಿದರು. ವಾದ ಚೆನ್ನಾಗಿತ್ತು, ಆದರೆ ವಾದವೇ ಪುರಾವೆಯಾಗುವುದಿಲ್ಲವಲ್ಲ. ಪುರಾವೆ ಸಿಗಲು ಇನ್ನೂ ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ರಾಜ್ಯ ಹುಟ್ಟಿದ ಬಗೆ. ಕ್ರಿ.ಪೂ. 1046ರ ಸುಮಾರಿಗೆ ಪಶ್ಚಿಮದ ಝೌ ವಂಶದವರು ಶಾಂಗ್ ಚಕ್ರವರ್ತಿಯನ್ನು ಸೋಲಿಸಿದರು. ಗೆಲ್ಲುವುದು ಒಂದು ಕೆಲಸ, ಗೆದ್ದ ನೆಲವನ್ನು ಉಳಿಸಿಕೊಳ್ಳುವುದು ಇನ್ನೊಂದು ಕೆಲಸ. ರಸ್ತೆಯಿಲ್ಲದ, ಅಂಚೆಯಿಲ್ಲದ ಕಾಲದಲ್ಲಿ ರಾಜಧಾನಿಯಲ್ಲಿ ಕುಳಿತು ಸಾವಿರ ಮೈಲಿ ಆಳುವುದು ಹೇಗೆ? ಝೌ ಅರಸರು ತಮ್ಮ ಬಂಧುಗಳಿಗೆ, ನಂಬಿಕೆಯ ದಂಡನಾಯಕರಿಗೆ ಗಡಿಯ ಭೂಮಿಯನ್ನು ಹಂಚಿದರು. ನೆಲ, ಅದರ ಮೇಲಿನ ಜನ, ಒಂದಷ್ಟು ಕಂಚಿನ ಪೂಜಾಪಾತ್ರೆಗಳು, ಇವು ಕೊಡುಗೆ. ಅದಕ್ಕೆ ಬದಲಾಗಿ ಕಪ್ಪ, ಯುದ್ಧಕಾಲದಲ್ಲಿ ಸೈನ್ಯ. ಇದನ್ನೇ ಚೀನೀಯರು ಫೆಂಗ್‌ಜಿಯಾನ್ ಎನ್ನುತ್ತಾರೆ, ನಾವು ಸಾಮಂತ ಪದ್ಧತಿ ಎನ್ನುತ್ತೇವೆ. ಯೂರೋಪಿನ ಪಾಠದಲ್ಲಿ ನೀವು ಓದಿರುವ ಸಾಮಂತ ಪದ್ಧತಿಗೂ ಇದಕ್ಕೂ ವ್ಯತ್ಯಾಸವಿದೆ. ಇಲ್ಲಿ ಬೆಸುಗೆ ಹಾಕಿದ್ದು ಒಪ್ಪಂದಕ್ಕಿಂತ ಹೆಚ್ಚಾಗಿ ರಕ್ತಸಂಬಂಧ ಮತ್ತು ಪಿತೃಪೂಜೆ.

ಹೀಗೆ ಭೂಮಿ ಪಡೆದವರಲ್ಲಿ ನಾನ್‌ಗೊಂಗ್ ಕುವೊ ಎಂಬ ಮಂತ್ರಿಯ ಮನೆತನವೂ ಒಂದು. ಅವರ ಕುಲನಾಮ ಜಿ, ಝೌ ಅರಸರ ಕುಲನಾಮವೂ ಅದೇ. ಅವರಿಗೆ ಸಿಕ್ಕಿದ ನೆಲ ಎರಡು ಬೆಟ್ಟಸಾಲುಗಳ ನಡುವಿನ ಒಂದು ಕಣಿವೆದಾರಿ. ಉತ್ತರಕ್ಕೆ ತೊಂಗ್‌ಬೈ ಬೆಟ್ಟ, ದಕ್ಷಿಣಕ್ಕೆ ದಾಹೊಂಗ್ ಬೆಟ್ಟ. ಭೂಪಟದಲ್ಲಿ ನೋಡಿದರೆ ಇದರಲ್ಲೇನು ಮಹತ್ವ ಎನಿಸಬಹುದು. ಮಹತ್ವ ಇರುವುದು ಆ ದಾರಿಯಲ್ಲಿ ಸಾಗುತ್ತಿದ್ದ ಸರಕಿನಲ್ಲಿ. ಯಾಂಗ್‌ಟ್ಸೆ ದಂಡೆಯ ದಾಯೆ ಎಂಬಲ್ಲಿ ತೊಂಗ್‌ಲುಶಾನ್ ತಾಮ್ರದ ಗಣಿಗಳಿವೆ, ಪ್ರಾಚೀನ ಚೀನಾದ ಅತಿ ದೊಡ್ಡ ಗಣಿಗಳಲ್ಲಿ ಅವೂ ಸೇರಿವೆ. ಉತ್ತರದ ಬಯಲಿನಲ್ಲಿದ್ದ ಝೌ ಅರಸರಿಗೆ ಪೂಜಾಪಾತ್ರೆಗೂ ತಾಮ್ರ ಬೇಕು, ಆಯುಧಕ್ಕೂ ತಾಮ್ರ ಬೇಕು. ಆ ತಾಮ್ರ ಈ ಕಣಿವೆಯ ಮೂಲಕ ಬರಬೇಕು. ಜೆಂಗ್‌ನ ಒಬ್ಬ ಪ್ರಭುವಿನ ಪಾತ್ರೆಯ ಮೇಲೆ ತಾಮ್ರ ತವರಗಳು ಸಾಗುವ ಈ ಹಾದಿಯ ಪ್ರಸ್ತಾಪವೇ ಇದೆ. ಅರ್ಥಾತ್ ಜೆಂಗ್ ರಾಜ್ಯ ಒಂದು ಕಾವಲು ಠಾಣೆ, ಸುಂಕದಕಟ್ಟೆ, ಲೋಹದ ಉಗ್ರಾಣ, ಮೂರೂ ಆಗಿತ್ತು.

2011ರಿಂದ ಸುಯಿಝೌ ಬಳಿಯ ಯೆಜಿಯಾಶಾನ್ ಎಂಬಲ್ಲಿ ನಡೆದ ಉತ್ಖನನದಲ್ಲಿ ಈ ಮನೆತನದ ಮೊದಮೊದಲ ದೊರೆಗಳ ಗೋರಿಗಳು ಸಿಕ್ಕಿವೆ. ಅಲ್ಲಿ ತಾಮ್ರದ ಗಟ್ಟಿಗಳೂ ಸಿಕ್ಕಿವೆ, ಐದು ಗಂಟೆಗಳ ಒಂದು ಜೋಡಣೆಯೂ ಸಿಕ್ಕಿದೆ. ಐದು ಎಂಬ ಸಂಖ್ಯೆಯನ್ನು ನೆನಪಿಡಿ. ಆರು ನೂರು ವರ್ಷಗಳಲ್ಲಿ ಐದು ಅರವತ್ತೈದಾಯಿತು.

ಕ್ರಿ.ಪೂ. 771ರಲ್ಲಿ ಝೌ ರಾಜಧಾನಿ ಶತ್ರುಗಳ ಕೈಗೆ ಬಿದ್ದು, ಅರಸರು ಪೂರ್ವಕ್ಕೆ ಓಡಿಬಂದರು. ಅಲ್ಲಿಂದ ಮುಂದೆ ಅವರು ಹೆಸರಿಗೆ ಮಾತ್ರ ಚಕ್ರವರ್ತಿಗಳು. ಸಾಮಂತರು ತಮ್ಮ ತಮ್ಮಲ್ಲೇ ಕಾದಾಡತೊಡಗಿದರು. ದಕ್ಷಿಣದಲ್ಲಿ ಚು ಎಂಬ ರಾಜ್ಯ ಬೆಳೆಯಿತು. ಅದರ ದೊರೆ ಯಾರನ್ನೂ ಕೇಳದೆ ತನ್ನನ್ನು ತಾನೇ ರಾಜನೆಂದು ಕರೆದುಕೊಂಡ. ಹಾನ್ ನದಿಯ ಪೂರ್ವಕ್ಕಿದ್ದ ಸಣ್ಣ ರಾಜ್ಯಗಳಲ್ಲಿ ಸುಯಿ ದೊಡ್ಡದು. ಮೊದಲ ಏಟು ಅದರ ಮೇಲೇ ಬಿತ್ತು.

ಕ್ರಿ.ಪೂ. 706. ಚು ಸೇನೆ ಗಡಿಗೆ ಬಂದು ಬೀಡುಬಿಟ್ಟಿತು. ಸಂಧಾನಕ್ಕೆಂದು ಸುಯಿಯಿಂದ ಒಬ್ಬ ಮಂತ್ರಿ ಹೋದ. ಚು ದೊರೆ ಒಳ್ಳೆಯ ದಳಗಳನ್ನು ಬಚ್ಚಿಟ್ಟು, ಸೊರಗಿದ ಸೈನಿಕರನ್ನು ಕಣ್ಣಿಗೆ ಬೀಳುವಂತೆ ನಿಲ್ಲಿಸಿದ. ಮಂತ್ರಿ ಹಿಂದಿರುಗಿ, 'ಇವರನ್ನು ಅಟ್ಟಿಸಿಕೊಂಡು ಹೋಗೋಣ, ಗೆಲುವು ನಮ್ಮದೇ' ಎಂದ. ಆಸ್ಥಾನದಲ್ಲಿ ಜಿ ಲಿಯಾಂಗ್ ಎಂಬ ಇನ್ನೊಬ್ಬ ಮಂತ್ರಿಯಿದ್ದ. ಇದು ಬಲೆ ಎಂದು ಅವನಿಗೆ ಹೊಳೆಯಿತು. ದೊರೆಯನ್ನು ತಡೆದ. 'ನಾನು ದೇವರಿಗೆ ಕೊಬ್ಬಿದ ಪಶುಗಳನ್ನೇ ಅರ್ಪಿಸುತ್ತಿದ್ದೇನೆ, ದೇವರು ನನ್ನ ಕೈಬಿಡುತ್ತಾನೆಯೇ' ಎಂಬುದು ದೊರೆಯ ಪ್ರಶ್ನೆ. ಜಿ ಲಿಯಾಂಗ್ ಕೊಟ್ಟ ಉತ್ತರದ ಸಾರ ಇಷ್ಟು: ಪ್ರಜೆಗಳೇ ದೇವತೆಗಳಿಗೂ ಯಜಮಾನರು, ಜನ ಹಸಿದಿರುವಾಗ ದೊರೆಯೊಬ್ಬನ ನೈವೇದ್ಯ ಕೊಬ್ಬಿದ್ದರೆ ಏನು ಪ್ರಯೋಜನ? ಕ್ರಿ.ಪೂ. ಎಂಟನೆಯ ಶತಮಾನದ ಒಬ್ಬ ಮಂತ್ರಿ ತನ್ನ ದೊರೆಯ ಮುಖಕ್ಕೆ ಹೇಳಿದ ಮಾತೆಂದು ಗ್ರಂಥ ಇದನ್ನು ದಾಖಲಿಸಿದೆ. ದೊರೆ ಹೆದರಿದ, ಆಡಳಿತವನ್ನು ಸರಿಪಡಿಸಿಕೊಂಡ. ಚು ಸೇನೆ ಆ ಸಲ ದಾಳಿ ಮಾಡಲಿಲ್ಲ.

ಆದರೆ ಬುದ್ಧಿವಾದದ ಬಿಸಿ ಎರಡು ವರ್ಷಕ್ಕೆ ಆರಿತು. ಕ್ರಿ.ಪೂ. 704ರಲ್ಲಿ ಚು ಮತ್ತೆ ಬಂತು. ಜಿ ಲಿಯಾಂಗ್ ಈಗ ರಣತಂತ್ರವನ್ನೇ ಹೇಳಿಕೊಟ್ಟ. ಚು ಪದ್ಧತಿಯಲ್ಲಿ ಎಡಗಡೆಗೆ ಮರ್ಯಾದೆ ಹೆಚ್ಚು, ಆದ್ದರಿಂದ ಅವರ ದೊರೆ ಎಡಗಡೆಯ ಪಡೆಯಲ್ಲಿರುತ್ತಾನೆ. ನಾವು ಬಲಗಡೆಗೆ ನುಗ್ಗೋಣ. ಅಲ್ಲಿ ಒಳ್ಳೆಯ ಸೈನಿಕರಿರುವುದಿಲ್ಲ, ಅದು ಮುರಿದರೆ ಉಳಿದದ್ದೂ ಚದುರುತ್ತದೆ. ಹಿಂದೆ ಬಲೆಗೆ ಬೀಳಲಿದ್ದ ಆ ಮಂತ್ರಿ ಒಪ್ಪಲಿಲ್ಲ. ಅವರ ದೊರೆಯ ಎದುರಿಗೆ ನಮ್ಮ ದೊರೆ ನಿಲ್ಲದಿದ್ದರೆ ನಾವು ಸರಿಸಮಾನರು ಹೇಗಾದೇವು ಎಂದ. ದೊರೆಗೆ ಈ ಮಾತು ಹಿತವಾಯಿತು. ಫಲವಾಗಿ ಸೇನೆ ಸೋತಿತು, ದೊರೆ ಓಡಿದ, ಅವನ ರಥ ಶತ್ರುಗಳ ವಶವಾಯಿತು, ರಥದಲ್ಲಿ ಅವನ ಬಲಕ್ಕೆ ನಿಂತಿದ್ದ ಆ ಮಂತ್ರಿಯೂ ಸೆರೆಸಿಕ್ಕ.

ಆಮೇಲೆ ಎರಡು ಶತಮಾನ ಜಗ್ಗಾಟ. ಕ್ರಿ.ಪೂ. 690ರಲ್ಲಿ ಅದೇ ಚು ದೊರೆ ಸುಯಿ ಮೇಲೆ ದಂಡೆತ್ತಿ ಬರುವಾಗ ದಾರಿಯಲ್ಲೇ ಒಂದು ಮರದ ಕೆಳಗೆ ಸತ್ತ. ದಂಡನಾಯಕರು ಸಾವನ್ನು ಮುಚ್ಚಿಟ್ಟು, ನದಿಗೆ ಸೇತುವೆ ಕಟ್ಟಿ, ಸುಯಿ ಬಾಗಿಲಿಗೆ ಬಂದು, ಹೆದರಿಸಿ ಒಪ್ಪಂದ ಮಾಡಿಸಿಕೊಂಡೇ ಹೊರಟರು. ಕ್ರಿ.ಪೂ. 640ರಲ್ಲಿ ಸುಯಿ ಸುತ್ತಲಿನ ಸಣ್ಣ ರಾಜ್ಯಗಳನ್ನು ಕೂಡಿಸಿಕೊಂಡು ತಿರುಗಿ ಬಿದ್ದು, ಮತ್ತೆ ಸೋತಿತು. ಹಾನ್ ನದಿ ತೀರದ ಜಿ ಕುಲದ ರಾಜ್ಯಗಳನ್ನು ಚು ಒಂದೊಂದಾಗಿ ನುಂಗಿತು. ಸುಯಿ ಮಾತ್ರ ಉಳಿಯಿತು, ಅಧೀನ ಮಿತ್ರನಾಗಿ.

ಈ ಸ್ನೇಹಕ್ಕೆ ಪರೀಕ್ಷೆ ಬಂದದ್ದು ಕ್ರಿ.ಪೂ. 506ರಲ್ಲಿ. ಪೂರ್ವದ ವೂ ದೇಶದ ಸೇನೆ ಚು ರಾಜಧಾನಿ ಯಿಂಗ್ ನಗರವನ್ನು ಹಿಡಿಯಿತು. ಯುದ್ಧಕಲೆಯ ಗ್ರಂಥಕ್ಕೆ ಹೆಸರಾದ ಸುನ್ ವೂ ಈ ದಂಡಯಾತ್ರೆಯಲ್ಲಿದ್ದನೆಂದು ಇತಿಹಾಸಕಾರ ಸಿಮಾ ಚಿಯೆನ್ ಬರೆಯುತ್ತಾನೆ. ಚು ದೊರೆ ಝಾವೊ ತಲೆಮರೆಸಿಕೊಂಡು ಓಡುತ್ತ ಕೊನೆಗೆ ಸುಯಿಗೆ ಬಂದ. ಬೆನ್ನಹಿಂದೆಯೇ ವೂ ಸೈನ್ಯ. ಅರಮನೆಯ ಉತ್ತರಕ್ಕೆ ಆಶ್ರಯ ಬೇಡಿದ ದೊರೆ, ದಕ್ಷಿಣಕ್ಕೆ ಅವನನ್ನು ಕೇಳುತ್ತಿರುವ ಶತ್ರು. ವೂ ದೂತರ ಮಾತನ್ನು ಗಮನಿಸಿ. ನೀವೂ ಜಿ ಕುಲದವರು, ನಾವೂ ಜಿ ಕುಲದವರು; ನಮ್ಮ ಕುಲದ ರಾಜ್ಯಗಳನ್ನೆಲ್ಲ ಮುಗಿಸಿದವನು ಈ ಚು; ಅವನನ್ನು ಒಪ್ಪಿಸಿಬಿಡಿ, ಹಾನ್ ನದಿಯ ಉತ್ತರದ ನೆಲವೆಲ್ಲ ನಿಮ್ಮದು. ಇದರಲ್ಲಿ ಸುಳ್ಳೇನೂ ಇರಲಿಲ್ಲ. ಇನ್ನೂರು ವರ್ಷ ತಮ್ಮನ್ನು ತುಳಿದವನು ಈಗ ಕೈಯಲ್ಲಿದ್ದಾನೆ. ಒಪ್ಪಿಸಿದರೆ ಸೇಡೂ ತೀರಿತು, ರಾಜ್ಯವೂ ಬೆಳೆಯಿತು.

ಝಾವೊನ ಸಹೋದರ ಜಿಚಿ ನೋಡಲು ಅಣ್ಣತಮ್ಮ ಒಂದೇ ಎನ್ನುವಷ್ಟು ಅವನಂತೆಯೇ ಇದ್ದ. 'ನನಗೆ ದೊರೆಯ ವೇಷ ಹಾಕಿ, ನನ್ನನ್ನು ಒಪ್ಪಿಸಿ' ಎಂದ. ಸುಯಿಯವರು ಶಕುನ ಕೇಳಿದರು. ಶಕುನ ಒಪ್ಪಲಿಲ್ಲ. ಆಗ ವೂ ದೂತರಿಗೆ ಉತ್ತರ ಕೊಟ್ಟರು: ನಾವು ಸಣ್ಣವರು, ಚು ಪಕ್ಕದಲ್ಲಿ ಬದುಕಿದವರು, ತಲೆಮಾರುಗಳಿಂದ ಪ್ರಮಾಣ ಮಾಡಿಕೊಂಡು ಬಂದವರು, ಕಷ್ಟ ಬಂದಾಗ ಅವರನ್ನು ಬಿಟ್ಟರೆ ನಾಳೆ ನಿಮಗೆ ಮಾತ್ರ ನಂಬಿಗಸ್ತರಾಗಿರುತ್ತೇವೆಂದು ನೀವು ಹೇಗೆ ನಂಬುತ್ತೀರಿ? ವೂ ಸೇನೆ ಹಿಂದಕ್ಕೆ ಸರಿಯಿತು. ಜಿಚಿಯ ಎದೆಯ ರಕ್ತದಿಂದ ಎರಡು ರಾಜ್ಯಗಳ ನಡುವೆ ಪ್ರಮಾಣವಾಯಿತು. ಮರುವರ್ಷ ಚಿನ್ ದೇಶದ ಸಹಾಯದಿಂದ ಝಾವೊ ತನ್ನ ರಾಜ್ಯವನ್ನು ಮರಳಿ ಪಡೆದ. ಇದು ಔದಾರ್ಯವೋ ಲೆಕ್ಕಾಚಾರವೋ ಎಂದು ಕೇಳಿದರೆ, ನನಗೆ ಎರಡೂ ಕಾಣುತ್ತದೆ. ವೂ ದೇಶ ದೂರದ್ದು, ಇವತ್ತು ಬಂದು ನಾಳೆ ಹೋಗುವಂಥದ್ದು. ಚು ಪಕ್ಕದ ಮನೆ.

ಈಗ ಮತ್ತೆ ಗೋರಿಗೆ ಹೋಗೋಣ. 65 ಗಂಟೆಗಳಲ್ಲಿ ಒಂದು ಗಂಟೆ ಉಳಿದವುಗಳ ಗುಂಪಿಗೆ ಸೇರಿದ್ದಲ್ಲ. ಕೆಳಸಾಲಿನ ಸರಿಯಾಗಿ ನಡುವೆ, ಬೇರೆ ಆಕಾರದ, ಸುಮಾರು 135 ಕಿಲೋ ತೂಕದ ಗಂಟೆ. ಅದಕ್ಕೆ ಜಾಗ ಮಾಡಿಕೊಡಲು ಅಲ್ಲಿದ್ದ ಗಂಟೆಯನ್ನು ಸರಿಸಿದ್ದಾರೆ. ಅದರ ಮೇಲೆ 31 ಅಕ್ಷರಗಳ ಬರಹವಿದೆ. ಚು ರಾಜ ತನ್ನ ಆಳ್ವಿಕೆಯ 56ನೆಯ ವರ್ಷ ಜೆಂಗ್‌ನ ಸಾಮಂತ ಯಿಗಾಗಿ ಇದನ್ನು ಮಾಡಿಸಿದ, ಇದು ಸದಾ ಬಳಕೆಯಲ್ಲಿರಲಿ ಎಂಬುದು ಅದರ ಅಭಿಪ್ರಾಯ. ಆ ವರ್ಷ ಕ್ರಿ.ಪೂ. 433. ಗಂಟೆ ಕಳಿಸಿದವನು ಹುಯಿ ರಾಜ. ಸುಯಿಯಲ್ಲಿ ಜೀವ ಉಳಿಸಿಕೊಂಡ ಝಾವೊನ ಮಗ! ಘಟನೆ ನಡೆದು 73 ವರ್ಷಗಳಾಗಿದ್ದವು. ಗಂಟೆಯ ಬರಹ ಕಾರಣವನ್ನೇನೂ ಹೇಳುವುದಿಲ್ಲ. ತಂದೆಯ ಋಣವನ್ನು ಮಗ ತೀರಿಸಿದನೆಂದು ಅನೇಕ ವಿದ್ವಾಂಸರು ಓದುತ್ತಾರೆ. ಸುಯಿ ಮತ್ತು ಜೆಂಗ್ ಒಂದೇ ಆಗಿದ್ದರೆ ಮಾತ್ರ ಈ ಓದು ಸಾಧ್ಯ ಎಂಬುದನ್ನು ಮರೆಯಬೇಡಿ.

ಉಳಿದ 64 ಗಂಟೆಗಳು ಯಿ ಮಾಡಿಸಿದವು. ಇಲ್ಲಿ ನನ್ನೊಳಗಿನ ಹಳೆಯ ಭೌತಶಾಸ್ತ್ರದ ವಿದ್ಯಾರ್ಥಿ ಎಚ್ಚರಗೊಳ್ಳುತ್ತಾನೆ, ಸ್ವಲ್ಪ ಹೊತ್ತು ಸಹಿಸಿಕೊಳ್ಳಿ. ಗಂಟೆಗಳನ್ನು ತೂಗುಹಾಕಿದ ಚೌಕಟ್ಟು ಇಂಗ್ಲಿಷಿನ ಎಲ್ ಅಕ್ಷರದಂತೆ ಮೂಲೆ ತಿರುಗಿದೆ, ಉದ್ದನೆಯ ಬದಿಯೇ ಏಳು ಮೀಟರಿಗೂ ಹೆಚ್ಚು. ಸಾಲುಗಳು ಮೂರು. ಅತಿ ದೊಡ್ಡ ಗಂಟೆ 203.6 ಕಿಲೋ, ಒಂದೂವರೆ ಮೀಟರ್ ಎತ್ತರ. ಅತಿ ಚಿಕ್ಕದು 2.4 ಕಿಲೋ. ಎಲ್ಲ ಗಂಟೆಗಳ ತೂಕ ಸೇರಿ ಸುಮಾರು ಎರಡೂವರೆ ಟನ್.

ನಮ್ಮ ದೇವಸ್ಥಾನದ ಗಂಟೆಯ ಬಾಯಿ ಗುಂಡಗಿರುತ್ತದೆ. ಈ ಗಂಟೆಗಳ ಬಾಯಿ ಗುಂಡಗಿಲ್ಲ. ಎರಡು ಬಾಗಿದ ಹಂಚುಗಳನ್ನು ಎದುರುಬದುರು ಜೋಡಿಸಿದಂತೆ, ಬಾದಾಮಿಯ ಆಕಾರ. ಈಗ ಮಗ್ಗನ್ನು ನೆನೆಸಿಕೊಳ್ಳಿ. ಮಗ್ಗಿನ ಅಂಚು ಕಂಪಿಸುವಾಗ ನಾಲ್ಕು ಕಡೆ ಹೆಚ್ಚು ಅಲುಗುತ್ತದೆ, ಅವುಗಳ ನಡುವಿನ ನಾಲ್ಕು ಕಡೆ ಅಲುಗುವುದೇ ಇಲ್ಲ ಎನ್ನಬಹುದು. ಹಿಡಿಕೆ ಅಲುಗುವ ಜಾಗದಲ್ಲಿದ್ದರೆ ಅದರ ಭಾರವನ್ನೂ ಹೊತ್ತು ಅಲುಗಬೇಕು, ಕಂಪನ ನಿಧಾನವಾಗಿ ಸ್ವರ ಇಳಿಯುತ್ತದೆ. ಹಿಡಿಕೆ ಅಲುಗದ ಜಾಗಕ್ಕೆ ಬಂದರೆ ಅದರ ಭಾರ ಲೆಕ್ಕಕ್ಕಿಲ್ಲ, ಸ್ವರ ಏರುತ್ತದೆ. ಎಲ್ಲಿ ತಟ್ಟಿದಿರಿ ಎಂಬುದರ ಮೇಲೆ ಈ ಎರಡರಲ್ಲಿ ಒಂದು ಕಂಪನ ಏಳುತ್ತದೆ. ಬಾದಾಮಿ ಆಕಾರದ ಗಂಟೆಯಲ್ಲಿ ಹಿಡಿಕೆಯ ಕೆಲಸವನ್ನು ಆ ಎರಡು ಚೂಪು ಅಂಚುಗಳು ಮಾಡುತ್ತವೆ. ಮುಂಭಾಗದ ನಡುವೆ ಹೊಡೆದರೆ ಒಂದು ಸ್ವರ. ಅದರಿಂದ ಪಕ್ಕಕ್ಕೆ ಹೊಡೆದರೆ ಇನ್ನೊಂದು. ಒಂದು ಕಂಪನ ಅಲುಗದೆ ನಿಲ್ಲುವ ಜಾಗದಲ್ಲೇ ಇನ್ನೊಂದನ್ನು ಎಬ್ಬಿಸುವುದರಿಂದ ಎರಡೂ ಕಲಸುವುದಿಲ್ಲ.

ಅಷ್ಟೇ ಆಗಿದ್ದರೆ ಅದು ಆಕಸ್ಮಿಕ ಎನ್ನಬಹುದಿತ್ತು. ಆದರೆ ಈ ಎರಡು ಸ್ವರಗಳ ನಡುವಿನ ಅಂತರವೂ ಅಳತೆಯದ್ದು. ನಮ್ಮ ಕರ್ನಾಟಕ ಸಂಗೀತದ ಮಾತಿನಲ್ಲಿ ಹೇಳುವುದಾದರೆ ಒಂದು ಷಡ್ಜವಾದರೆ ಇನ್ನೊಂದು ಸಾಧಾರಣ ಗಾಂಧಾರ ಅಥವಾ ಅಂತರ ಗಾಂಧಾರ. ಗಂಟೆಯ ಒಳಗೋಡೆಯನ್ನು ಉಜ್ಜಿ ಉಜ್ಜಿ ಶ್ರುತಿ ಸರಿಪಡಿಸಿದ ಗುರುತುಗಳಿವೆ. ಒಟ್ಟು ವ್ಯಾಪ್ತಿ ಐದು ಸ್ಥಾಯಿಗಳಿಗೂ ಮಿಗಿಲು. ನಡುವಿನ ಸ್ಥಾಯಿಗಳಲ್ಲಿ ಹನ್ನೆರಡು ಸ್ವರಸ್ಥಾನಗಳೂ ಸಿಗುತ್ತವೆ. ಗುಂಡು ಗಂಟೆಯ ನಾದ ಬಹಳ ಹೊತ್ತು ಉಳಿಯುತ್ತದೆ, ಒಂದರ ಮೇಲೊಂದು ಹೊಡೆದರೆ ಗದ್ದಲವಾಗುತ್ತದೆ. ಈ ಆಕಾರದ ಗಂಟೆಯ ನಾದ ಬೇಗ ಅಡಗುತ್ತದೆ, ಆದ್ದರಿಂದ ರಾಗ ನುಡಿಸಬಹುದು.

ಈ ಜೋಡಿಸ್ವರದ ವಿಷಯದಲ್ಲಿ ಒಂದು ಸ್ವಾರಸ್ಯವಿದೆ. 1977ರಲ್ಲಿ, ಎಂದರೆ ಗೋರಿ ತೆರೆಯುವ ಮುಂಚೆಯೇ, ಹುವಾಂಗ್ ಶಿಯಾಂಗ್‌ಪೆಂಗ್ ಎಂಬ ಸಂಗೀತಶಾಸ್ತ್ರಜ್ಞರು ಬೇರೆ ಕಡೆಯ ಹಳೆಯ ಗಂಟೆಗಳನ್ನು ಪರೀಕ್ಷಿಸಿ, ಇವು ಒಂದೊಂದೂ ಎರಡು ಸ್ವರ ಕೊಡುವಂತೆ ಬೇಕೆಂದೇ ಮಾಡಿದವು ಎಂದು ಹೇಳಿದ್ದರು. ಅನುಮಾನಪಟ್ಟವರಿದ್ದರು. ಮರುವರ್ಷ ಯಿಯ ಗಂಟೆಗಳು ಹೊರಬಂದವು. ಒಂದೊಂದು ಗಂಟೆಯ ಮೇಲೂ ಹೊಡೆಯಬೇಕಾದ ಎರಡು ಜಾಗಗಳಲ್ಲಿ ಎರಡು ಸ್ವರಗಳ ಹೆಸರನ್ನು ಚಿನ್ನ ತುಂಬಿದ ಅಕ್ಷರಗಳಲ್ಲಿ ಬರೆದಿಟ್ಟಿದ್ದರು. ಇದಕ್ಕಿಂತ ಚೆನ್ನಾದ ಸಾಕ್ಷಿ ವಿಜ್ಞಾನಿಗೆ ಸಿಗುವುದು ಅಪರೂಪ. ಗಂಟೆಗಳ ಮೇಲಿನ ಸುಮಾರು 2800 ಅಕ್ಷರಗಳಲ್ಲಿ ಹೆಚ್ಚಿನದು ಸಂಗೀತಶಾಸ್ತ್ರವೇ. ನಮ್ಮಲ್ಲಿ ಹೀಗೆ ಕರೆಯುವ ಸ್ವರವನ್ನು ಚು ದೇಶದಲ್ಲಿ ಹಾಗೆ ಕರೆಯುತ್ತಾರೆ, ಝೌನಲ್ಲಿ ಹೀಗೆ, ಚಿ ದೇಶದಲ್ಲಿ ಹೀಗೆ ಎಂಬ ಹೋಲಿಕೆ. ಪುಸ್ತಕವನ್ನು ಸುಡಬಹುದು, ಎರಡೂವರೆ ಟನ್ ತೂಕದ ಪುಸ್ತಕವನ್ನು ಸುಡುವುದು ಕಷ್ಟ.

ಗೋರಿಯಲ್ಲಿದ್ದ ಮರದ ಬಟ್ಟೆಪೆಟ್ಟಿಗೆಯೊಂದರ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಅದರ ಮೆರುಗು ಲ್ಯಾಕರ್ ಎಂಬುದರದು. ಚನ್ನಪಟ್ಟಣದ ಗೊಂಬೆಗಳ ಅರಗು ಕೀಟದಿಂದ ಬಂದದ್ದು, ಇದು ಮರದ ರಸ. ಮುಚ್ಚಳದ ನಡುವೆ ಸಪ್ತರ್ಷಿ ಮಂಡಲವನ್ನು ಸೂಚಿಸುವ ದೊಡ್ಡ ಅಕ್ಷರ, ಸುತ್ತಲೂ 28 ಹೆಸರುಗಳು, ಒಂದು ಬದಿಗೆ ಡ್ರ್ಯಾಗನ್, ಇನ್ನೊಂದು ಬದಿಗೆ ಹುಲಿ. ಆ ಹೆಸರುಗಳು ಚಂದ್ರನ ದಾರಿಯಲ್ಲಿರುವ 28 ನಕ್ಷತ್ರಗಳವು. ಚೀನಾದಲ್ಲಿ ಸಿಕ್ಕಿರುವ ಅಂಥ ಪೂರ್ಣ ಪಟ್ಟಿಗಳಲ್ಲಿ ಇದೇ ಅತಿ ಹಳೆಯದು. ನಮ್ಮಲ್ಲೂ ಅಭಿಜಿತ್ ಸೇರಿಸಿದರೆ ನಕ್ಷತ್ರಗಳು 28, ಅಥರ್ವವೇದದಲ್ಲಿ ಆ ಪಟ್ಟಿಯಿದೆ. ನಮ್ಮ ಕೃತ್ತಿಕೆ ಅವರ ಮಾವೊ, ನಮ್ಮ ಚಿತ್ತೆ ಅವರ ಜಿಯಾವೊ. ಯಾರಿಂದ ಯಾರು ಕಲಿತರು, ಅಥವಾ ಇಬ್ಬರೂ ಸ್ವತಂತ್ರವಾಗಿ ಎಣಿಸಿಕೊಂಡರೆ ಎಂಬ ಚರ್ಚೆ ಹತ್ತೊಂಬತ್ತನೆಯ ಶತಮಾನದಿಂದ ನಡೆದಿದೆ. ಮುಂದೆ ನಿಮ್ಮಲ್ಲಿ ಯಾರಾದರೂ ಇದನ್ನು ಬಿಡಿಸಬಹುದು. ಅದಕ್ಕೆ ಸಂಸ್ಕೃತ, ಹಳೆಯ ಚೀನೀ ಭಾಷೆ, ಖಗೋಳ ಗಣಿತ, ಮೂರೂ ಬೇಕು.

ಇಷ್ಟು ಹೇಳಿದ ಮೇಲೆ ಉಳಿದದ್ದನ್ನೂ ಹೇಳಬೇಕು. ಕಾರ್ಯಕ್ರಮಕ್ಕೆ ಟಿಪ್ಪಣಿ ಮಾಡಿಕೊಳ್ಳುವಾಗ ನನ್ನ ಪೆನ್ನು ನಿಂತದ್ದು ಇಲ್ಲಿ. ಯಿಯ ಶವದ ಕೋಣೆಯಲ್ಲಿ ಇನ್ನೂ ಎಂಟು ಶವಪೆಟ್ಟಿಗೆಗಳಿದ್ದವು, ಒಂದು ನಾಯಿಯದೂ ಇತ್ತು. ಪಶ್ಚಿಮದ ಕೋಣೆಯಲ್ಲಿ 13. ಒಟ್ಟು 21 ಮಂದಿ, ಎಲ್ಲರೂ ಹೆಣ್ಣುಮಕ್ಕಳು, ವಯಸ್ಸು 13ರಿಂದ 25. ಒಡೆಯನಿಗೆ ಪರಲೋಕದಲ್ಲೂ ಸೇವೆ ಬೇಕೆಂದು ಅವನೊಡನೆ ಕೊಂದು ಹೂಳಿದವರು. ವಾದ್ಯಗಳ ಕೋಣೆಗೂ ಅವರ ಕೋಣೆಗೂ ನಡುವಿನ ಗೋಡೆಯಲ್ಲಿ, ಆತ್ಮಗಳು ಓಡಾಡಲೆಂದೋ ಏನೋ, ಒಂದು ಸಣ್ಣ ಕಿಂಡಿಯಿದೆ. ಅವರಲ್ಲಿ ವಾದ್ಯ ನುಡಿಸುವವರು, ನರ್ತಿಸುವವರು ಇದ್ದಿರಬಹುದೆಂದು ಊಹಿಸಿದ್ದಾರೆ. ಗಂಟೆಯ ಒಂದೊಂದು ಸ್ವರಕ್ಕೂ ಚಿನ್ನದಲ್ಲಿ ಹೆಸರು ಬರೆಸಿದವರು ಈ 21 ಮಂದಿಯಲ್ಲಿ ಒಬ್ಬರ ಹೆಸರನ್ನೂ ಬರೆಸಲಿಲ್ಲ. ನಿಮ್ಮಲ್ಲಿ ಹಲವರ ವಯಸ್ಸೇ ಅವರದು. 'ಅದು ಆ ಕಾಲದ ಪದ್ಧತಿ' ಎಂದು ಹೇಳುವವರಿದ್ದಾರೆ. ಆದರೆ ಅದಕ್ಕೂ ಎರಡೂವರೆ ಶತಮಾನ ಹಿಂದೆ ಇದೇ ನೆಲದಲ್ಲಿ ಜಿ ಲಿಯಾಂಗ್ ತನ್ನ ಮಾತನ್ನು ಆಡಿದ್ದ. ಯಿ ಸತ್ತು ಐವತ್ತು ವರ್ಷವಾಗುವಷ್ಟರಲ್ಲಿ, ಕ್ರಿ.ಪೂ. 384ರಲ್ಲಿ, ಚಿನ್ ದೇಶದ ದೊರೆ ಈ ಪದ್ಧತಿಯನ್ನು ನಿಷೇಧಿಸಿದ. ಆದ್ದರಿಂದ ಕಾಲದ ಮೇಲೆ ಪೂರ್ತಿ ಹೊರೆ ಹಾಕುವುದು ನನಗೆ ಸರಿಕಾಣುವುದಿಲ್ಲ.

ಇನ್ನು ಎರಡು ಹೆಸರಿನ ಒಗಟು. 2009ರಲ್ಲಿ ಸುಯಿಝೌನ ವೆನ್‌ಫೆಂಗ್‌ತಾ ಎಂಬಲ್ಲಿ ಯಿಗಿಂತ ಮೊದಲಿನ ದೊರೆ ಯು ಎಂಬವನ ಗಂಟೆಗಳು ಸಿಕ್ಕವು. ಅದರ ಬರಹದಲ್ಲಿ ಅವನು ತನ್ನ ಮನೆತನದ ಕಥೆಯನ್ನೇ ಹೇಳಿಕೊಂಡಿದ್ದಾನೆ. ಪೂರ್ವಜ ನಾನ್‌ಗೊಂಗ್ ಝೌ ಅರಸರಿಗೆ ನೆರವಾದದ್ದು, ಇಲ್ಲಿಗೆ ಬಂದು ನೆಲೆಸಿದ್ದು, ಝೌ ಬಲ ಕುಂದಿದ ಮೇಲೆ ಚು ಸ್ನೇಹ ಬೆಳೆದದ್ದು, ವೂ ಸೇನೆ ಚು ಮೇಲೆ ಬಿದ್ದದ್ದು, ಚು ದೊರೆಯನ್ನು ಜೆಂಗ್ ಮತ್ತೆ ನೆಲೆನಿಲ್ಲಿಸಿದ್ದು. ಪುಸ್ತಕದಲ್ಲಿ ಸುಯಿ ಮಾಡಿದ ಕೆಲಸವನ್ನು ಇಲ್ಲಿ ಜೆಂಗ್ ತಾನು ಮಾಡಿದೆ ಎನ್ನುತ್ತಿದೆ. 2012ರಲ್ಲಿ ಅದೇ ಜೆಂಗ್ ಸ್ಮಶಾನದಲ್ಲಿ ಸುಯಿ ರಾಜ್ಯದ ಮಹಾದಂಡನಾಯಕನ ಹೆಸರು ಕೆತ್ತಿದ ಆಯುಧ ಸಿಕ್ಕಿತು.

ಕೊನೆಯ ಗಂಟು ಬಿಚ್ಚಿದ್ದು ಒಬ್ಬ ಹೆಣ್ಣುಮಗಳು. ಮಿ ಜಿಯಾ ಚು ದೇಶದ ರಾಜಕುಮಾರಿ. ಚು ರಾಜ ಅವಳಿಗಾಗಿ ಮಾಡಿಸಿದ ಒಂದು ಪಾತ್ರೆಯ ಮೇಲೆ ಅವಳನ್ನು ಸುಯಿ ರಾಜ್ಯದ ಸೊಸೆ ಎಂಬ ಅರ್ಥ ಬರುವಂತೆ ಹೆಸರಿಸಲಾಗಿದೆ. 2018 ಮತ್ತು 2019ರಲ್ಲಿ ಝಾವೊಶುಲಿನ್ ಎಂಬಲ್ಲಿ ಅವಳ ಗೋರಿಯೇ ಸಿಕ್ಕಿತು, ಪಕ್ಕದಲ್ಲೇ ಗಂಡನದು. ಗಂಡ ಜೆಂಗ್‌ನ ಸಾಮಂತ ಬಾವೊ. ತವರಿನವರು ಸುಯಿ ಎಂದದ್ದನ್ನು ಗಂಡನ ಮನೆಯವರು ಜೆಂಗ್ ಎಂದುಕೊಂಡಿದ್ದರು! ಅವಳ ಗಂಟೆಗಳ ಬರಹದಲ್ಲಿ ಇನ್ನೊಂದು ವಿಷಯವಿದೆ. ಗಂಡ ಬೇಗ ತೀರಿಕೊಂಡ ಮೇಲೆ ಗಡಿಯನ್ನು ಕಾಯ್ದು ರಾಜ್ಯಭಾರಕ್ಕೆ ಹೆಗಲು ಕೊಟ್ಟವಳು ತಾನೇ ಎಂದು ಅವಳು ಹೇಳಿಕೊಂಡಿದ್ದಾಳೆ. ಹಳೆಯ ಚೀನೀ ಇತಿಹಾಸ ಗ್ರಂಥಗಳಲ್ಲಿ ಈ ರಾಣಿಯ ಕಥೆಯಿಲ್ಲ. ಒಂದು ರಾಜ್ಯಕ್ಕೆ ಎರಡು ಹೆಸರು ಏಕೆ? ಸುಯಿ ಎಂಬುದು ರಾಜಧಾನಿಯ ಹೆಸರಿರಬಹುದು ಎಂಬ ವಾದವಿದೆ. ವೇ ಎಂಬ ರಾಜ್ಯವನ್ನು ಅದರ ರಾಜಧಾನಿಯಿಂದಾಗಿ ಲಿಯಾಂಗ್ ಎಂದು ಕರೆದ ಉದಾಹರಣೆಯಿದೆ.

ರಾಜ್ಯದ ಅಂತ್ಯದ ಬಗ್ಗೆ ಹೇಳುವುದಕ್ಕೆ ಹೆಚ್ಚೇನಿಲ್ಲ. ಮಹಾಯುದ್ಧವಿಲ್ಲ, ಸುಟ್ಟ ಕೋಟೆಯ ಕಥೆಯಿಲ್ಲ. ಯಿಯ ಗೋರಿಯಲ್ಲಿ ಒಂಬತ್ತು ಅಡುಗೆಪಾತ್ರೆಗಳೂ ಎಂಟು ಧಾನ್ಯಪಾತ್ರೆಗಳೂ ಇದ್ದವು. ಸಂಪ್ರದಾಯದ ಪ್ರಕಾರ ಆ ಸಂಖ್ಯೆ ಚಕ್ರವರ್ತಿಗೆ ಮಾತ್ರ ಸಲ್ಲಬೇಕು, ಸಾಮಂತನಿಗೆ ಏಳು ಮತ್ತು ಆರು. ವೈಭವ ಚಕ್ರವರ್ತಿಯದು, ಅಧಿಕಾರ ಮಾತ್ರ ಚು ಅನುಮತಿ ಕೊಟ್ಟಷ್ಟು. ತಾಮ್ರದ ದಾರಿಯ ಎರಡು ತುದಿಗಳಲ್ಲೂ ಈಗ ಬೇರೆಯವರು ಕುಳಿತಿದ್ದರು. ನಡುವಿನ ಕಾವಲುಗಾರನ ಅಗತ್ಯ ಯಾರಿಗಿತ್ತು? 2012ರ ಉತ್ಖನನದಲ್ಲಿ ಬಿಂಗ್ ಎಂಬ ದೊರೆಯ ಹೆಸರು ಸಿಕ್ಕಿದೆ, ಅವನು ಯಿಯ ನಂತರದವನು. ಬಿಂಗ್‌ನ ಆಚೆ ಯಾವ ದೊರೆಯ ಹೆಸರೂ ಇಲ್ಲಿಯವರೆಗೆ ಸಿಕ್ಕಿಲ್ಲ. ಆ ನೆಲ ಚು ರಾಜ್ಯದಲ್ಲಿ ಸದ್ದಿಲ್ಲದೆ ಸೇರಿಹೋಯಿತು. ನುಂಗಿದ ಚು ರಾಜ್ಯವನ್ನು ಕ್ರಿ.ಪೂ. 223ರಲ್ಲಿ ಚಿನ್ ದೇಶ ನುಂಗಿತು. ಸಿಮಾ ಚಿಯೆನ್ ತನ್ನ ಮಹಾಗ್ರಂಥದಲ್ಲಿ ದೊಡ್ಡ ಸಾಮಂತ ಮನೆತನಗಳಿಗೆ ಒಂದೊಂದು ಅಧ್ಯಾಯ ಕೊಟ್ಟ, ಈ ಏಳು ನೂರು ವರ್ಷದ ಮನೆತನಕ್ಕೆ ಕೊಡಲಿಲ್ಲ.

1978ರ ಆಗಸ್ಟ್ 1ರಂದು ಸುಯಿಝೌನಲ್ಲಿ ಈ ಗಂಟೆಗಳನ್ನು ಮತ್ತೆ ತೂಗುಹಾಕಿ ಕಛೇರಿ ನಡೆಸಿದರು. ಗೋರಿಯಲ್ಲೇ ಸಿಕ್ಕಿದ್ದ ಸುತ್ತಿಗೆಗಳ ಮಾದರಿಯನ್ನು ನೋಡಿ, ಹಿಂದೆ ನಿಂತು ನುಡಿಸುವವರು ಮೂವರು, ಮುಂದೆ ಉದ್ದನೆಯ ಮರದ ಕೋಲಿನಿಂದ ದೊಡ್ಡ ಗಂಟೆಗಳನ್ನು ಹೊಡೆಯುವವರು ಇಬ್ಬರು ಎಂದು ಲೆಕ್ಕ ಹಾಕಿದ್ದರು. ಎರಡು ಸಾವಿರದ ನಾನೂರು ವರ್ಷ ನೀರಿನಲ್ಲಿದ್ದ ಗಂಟೆಗಳು ನುಡಿದವು. ಚೀನೀ ಹಾಡುಗಳ ಜೊತೆಗೆ ಬೀಥೋವನ್‌ನ ಒಂದು ರಾಗವೂ ಇತ್ತಂತೆ. ಮೂಲ ಗಂಟೆಗಳನ್ನು ಆಮೇಲೆ ನುಡಿಸಿದ್ದು ಬೆರಳೆಣಿಕೆಯಷ್ಟು ಸಲ, 1997ರಲ್ಲಿ ಹಾಂಗ್‌ಕಾಂಗ್ ಹಸ್ತಾಂತರದ ಸಂದರ್ಭಕ್ಕಾಗಿ ತಾನ್ ದುನ್ ರಚಿಸಿದ ಕೃತಿಯಲ್ಲಿ ಒಮ್ಮೆ. ಅವು ವುಹಾನ್ ನಗರದ ಹುಬೈ ಪ್ರಾಂತೀಯ ವಸ್ತುಸಂಗ್ರಹಾಲಯದಲ್ಲಿವೆ. ಸಂದರ್ಶಕರಿಗೆ ಕೇಳಿಸುವುದು ಅವುಗಳ ಪ್ರತಿಕೃತಿಗಳ ಧ್ವನಿ.

ಮಗ್ಗಿನ ಪ್ರಯೋಗ ಮಾಡುವವರು ಖಾಲಿ ಮಗ್ಗನ್ನು ಬಳಸಿ, ಅಂಚನ್ನು ಹಗುರವಾಗಿ ತಟ್ಟಿ, ಹಿಡಿಕೆಯಿಂದ ಆರಂಭಿಸಿ ಸುತ್ತಲೂ ಎಂಟು ಕಡೆ ಪರೀಕ್ಷಿಸಿ, ಯಾವ ಯಾವ ಜಾಗದಲ್ಲಿ ಒಂದೇ ಸ್ವರ ಬರುತ್ತದೆ ಎಂದು ಗುರುತು ಹಾಕಿಕೊಳ್ಳಿ. ಮನೆಯಲ್ಲಿ ಅಮ್ಮನ ಅನುಮತಿ ಪಡೆಯುವುದು ಕ್ಷೇಮ.